ಮಾಂಸ ತಿನ್ನದವರ ಮಿದುಳಲ್ಲಿ ಲಾಡಿಹುಳದ ಗಂಟು ಹೇಗೆ ಬೆಳೆಯುತ್ತದೆ?

ಗದಗಿನಿಂದ ನೀವು ಕೇಳಿದ್ದೀರಿ: ಮಗನಿಗೆ ಫಿಟ್ಸ್ ಬಂತು, ಎಂಆರ್‌ಐ ನೋಡಿ ಮಿದುಳಲ್ಲಿ ಹುಳದ ಗಂಟಿದೆ ಎಂದರು, ಮನೆಯಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ, ಮತ್ತೆ ಇದು ಹೇಗೆ ಬಂತು ಅಂತ. ನಾನು ಹಾವೇರಿಯಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು, ಡಾಕ್ಟರ್ ಅಲ್ಲ. ಈ ಹುಳದ ಸಂಶೋಧನೆಯನ್ನು ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ.

ಅರೆಬೆಂದ ಹಂದಿಮಾಂಸ ತಿಂದವರ ಕರುಳಲ್ಲಿ ಲಾಡಿಹುಳ ಬೆಳೆಯುತ್ತದೆ. ಅವರ ಮಲದಲ್ಲಿ ಅದರ ಮೊಟ್ಟೆ ಹೊರಬರುತ್ತದೆ. ಆ ಮೊಟ್ಟೆ ನೀರಿನಿಂದಲೋ, ಸೊಪ್ಪಿನಿಂದಲೋ, ತೊಳೆಯದ ಕೈಯಿಂದಲೋ ಬೇರೆಯವರ ಹೊಟ್ಟೆ ಸೇರಿದರೆ ಮಿದುಳಿನ ಗಂಟಾಗುತ್ತದೆ. ನಾವು ರೊಟ್ಟಿ ಜೊತೆ ಹಕ್ಕರಿಕೆ, ಮೆಂತ್ಯೆ ಸೊಪ್ಪು ಹಸಿಯಾಗೇ ತಿನ್ನುತ್ತೇವೆ ಅಲ್ವಾ? ಬಿಡಬೇಕಿಲ್ಲ, ಎಲೆ ಬಿಡಿಸಿ ಚೆನ್ನಾಗಿ ತೊಳೆಯಿರಿ.

ಮೊಟ್ಟೆಯಿಂದ ಹೊರಬಂದ ಮರಿ ಕರುಳಿನ ಗೋಡೆ ಕೊರೆದು ರಕ್ತ ಸೇರುತ್ತದೆ. ಮಿದುಳಲ್ಲಿ ನಿಂತರೆ ಎರಡು ಮೂರು ತಿಂಗಳಲ್ಲಿ ಸುಮಾರು 1 ಸೆಂ.ಮೀ. ಅಗಲದ, ನೀರು ತುಂಬಿದ ಚೀಲವಾಗುತ್ತದೆ. ಜೀವಂತ ಇರುವಷ್ಟು ಕಾಲ ನಮ್ಮ ದೇಹದ ರಕ್ಷಣಾ ಕಣಗಳನ್ನು ಅದು ತಡೆದಿಡುತ್ತದೆ. ಹೀಗೆ ಎಷ್ಟೋ ವರ್ಷ ಸುಮ್ನೆ ಇರಬಲ್ಲದು. ಅದು ಸಾಯತೊಡಗಿದಾಗ ಆ ತಡೆ ಹೋಗುತ್ತದೆ, ಸುತ್ತ ಬಾವು ಬರುತ್ತದೆ. ಹೆಚ್ಚಿನವರಿಗೆ ಫಿಟ್ಸ್ ಶುರುವಾಗುವುದು ಆಗಲೇ.

ಇದನ್ನೆಲ್ಲ ಮನುಷ್ಯರ ಮಿದುಳಲ್ಲಿ ದಿನದಿನ ನೋಡಲು ಆಗುವುದಿಲ್ಲ. ಅದಕ್ಕೇ ಪ್ರಯೋಗಾಲಯಗಳಲ್ಲಿ ಇದರ ಸಂಬಂಧಿ ಹುಳ ಟೀನಿಯಾ ಕ್ರಾಸಿಸೆಪ್ಸ್ ಅನ್ನು ಇಲಿಯ ಹೊಟ್ಟೆಯೊಳಗೆ ಬೆಳೆಸುತ್ತಾರೆ. ಅದರ ಮರಿಗಳು ಅಲ್ಲಿ ಮೊಗ್ಗೊಡೆದು ತಾವಾಗೇ ಹೆಚ್ಚುತ್ತವೆ. ಪೆರುವಿನ ಸಂಶೋಧಕರ ತಂಡ 2015ರಲ್ಲಿ ಮನುಷ್ಯರ ಲಾಡಿಹುಳದ ಮರಿಗಳನ್ನೇ ಇಲಿಗಳ ಮಿದುಳಿಗೆ ಸೇರಿಸಿ ಗಂಟು ಬೆಳೆಸಿತು. ಕೆಲವು ಇಲಿಗಳಿಗೆ ಫಿಟ್ಸೂ ಬಂತು. ನನಗೆ ಜಾಸ್ತಿ ಮುಖ್ಯ ಅನಿಸಿದ್ದು ಕೇಪ್‌ಟೌನ್ ವಿಶ್ವವಿದ್ಯಾಲಯದವರ ಕೆಲಸ. ಅವರು ಮಿದುಳಿನ ತೆಳು ಚೂರುಗಳನ್ನು ತಟ್ಟೆಯಲ್ಲಿ ಜೀವಂತ ಇಟ್ಟು, ಮರಿಹುಳದ ರಸ ತಾಗಿಸಿದರು. ನರಕೋಶಗಳು ಕೆರಳಿದವು. ಆ ರಸದಲ್ಲಿ ಗ್ಲುಟಮೇಟ್ ಇತ್ತು. ನರಕೋಶಗಳು ಒಂದನ್ನೊಂದು ಕೆರಳಿಸಲು ಬಳಸುವ ರಾಸಾಯನಿಕವೇ ಅದು. ಅಂದರೆ ಫಿಟ್ಸ್‌ಗೆ ಬಾವಷ್ಟೇ ಅಲ್ಲ, ಹುಳವೂ ನೇರವಾಗಿ ಕಾರಣವಾಗಿರಬಹುದು.

ಈಗ ನಿಮ್ಮ ಮಗನ ವಿಷಯ. ಮೆಡಿಕಲ್ ಶಾಪಿನಿಂದ ಹುಳ ಕೊಲ್ಲುವ ಮಾತ್ರೆ ಆಲ್ಬೆಂಡಜೋಲ್ ತಂದು ದಯವಿಟ್ಟು ನೀವೇ ಕೊಡಬೇಡಿ. ಹುಳ ಒಮ್ಮೆಲೇ ಸತ್ತರೆ ಬಾವು ಜೋರಾಗುತ್ತದೆ. ಡಾಕ್ಟರ್ ಅದರ ಜೊತೆ ಸ್ಟೀರಾಯ್ಡ್ ಕೊಡುವುದು ಅದಕ್ಕೇ. ಶುರು ಮಾಡುವ ಮೊದಲು ಕಣ್ಣಿನಲ್ಲೂ ಗಂಟಿದೆಯೇ ನೋಡಿಸಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ನರರೋಗ ತಜ್ಞರು ಸಿಗುತ್ತಾರೆ, ಸ್ಕ್ಯಾನ್ ಹಿಡಿದು ಹೋಗಿ. ಫಿಟ್ಸ್ ಮಾತ್ರೆ ಅವರು ಹೇಳುವವರೆಗೂ ನಿಲ್ಲಿಸಬೇಡಿ. ಯಾರ ಕರುಳಲ್ಲಾದರೂ ಲಾಡಿಹುಳ ಇದೆಯೇ ತಿಳಿಯಲು ಮನೆಯವರೆಲ್ಲರ, ಅಡುಗೆಗೆ ಬರುವವರಿದ್ದರೆ ಅವರ ಮಲಪರೀಕ್ಷೆಯನ್ನೂ ಮಾಡಿಸಿ.