ಲೀಫ್‌ಲೆಟ್ ಟ್ರಾನ್ಸ್‌ಲೇಟ್ ಮಾಡಿಸಿದ್ರೆ ಸಾಲಲ್ಲ, ಸೌಟು ಹಿಡಿಯೋರನ್ನ ಕರೀರಿ

ಬ್ರಿಟನ್ನಲ್ಲಿರೋ ನಿಮ್ಮೂರಿನ ಗುಜರಾತಿ, ಪಂಜಾಬಿ, ಪಾಕಿಸ್ತಾನಿ ಜನಕ್ಕೆ ಶುಗರ್ ಬರದಂಗೆ ಪ್ರೋಗ್ರಾಮ್ ಮಾಡ್ಬೇಕು, ಲೀಫ್‌ಲೆಟ್ ಅವರವರ ಭಾಷೆಗೆ ಮಾಡಿಸಿದ್ರೆ ಸಾಕಾ ಅಂತ ಕೇಳಿದೀರ. ಸಾಕಾಗಲ್ಲ ರೀ. ಲೆಸ್ಟರ್‌ನಲ್ಲಿ ಇಂಥ ಕ್ಲಾಸ್‌ಗಳಲ್ಲಿ ನಾನು ವಾಲಂಟಿಯರ್ ಆಗಿದ್ದೆ, ನಾವೂ ಮೊದಲು ಅದನ್ನೇ ಮಾಡಿದ್ದು, ಬ್ರೌನ್ ಬ್ರೆಡ್ಡು ಬೇಯಿಸಿದ ಆಲೂಗಡ್ಡೆ ಇರೋ ಚಾರ್ಟನ್ನೇ ನೀಟಾಗಿ ಗುಜರಾತಿಲಿ ಪ್ರಿಂಟ್ ಹಾಕಿಸಿದ್ವಿ. ಅಂಕಲ್‌ಗಳು ಬಂದ್ರು, ಎಲ್ಲದಕ್ಕೂ ತಲೆ ಆಡಿಸಿದ್ರು, ಟೀ ಕುಡಿದು ಹೋದ್ರು. ಒಬ್ರ ಹೆಂಡ್ತಿ ಹೊರಗೆ ಕಾರಲ್ಲೇ ಕಾಯ್ತಿದ್ರು, ನನ್ನ ಹರುಕುಮುರುಕು ಹಿಂದಿಲಿ ಮಾತಾಡಿಸಿದ್ರೆ "ಅಡುಗೆ ನಂದು, ಕ್ಲಾಸು ಅವರದ್ದು" ಅಂತ ನಕ್ಕುಬಿಟ್ರು.

ಮುಂದಿನ ವಾರ ಹೆಂಗಸರನ್ನೇ ಕರೆದ್ವಿ. ದಿನಾ ಒಗ್ಗರಣೆಗೆ ಹಾಕೋ ಹಾಗೇ ಕ್ಯಾನ್‌ನಿಂದ ಬಟ್ಟಲಿಗೆ ಎಣ್ಣೆ ಸುರೀರಿ ಅಂದು, ಅದನ್ನ ಚಮಚದಲ್ಲಿ ಅಳೆದ್ರೆ ಒಬ್ಬ ಆಂಟಿದು 11 ಚಮಚ! ನಿಂದೆಷ್ಟು ನಿಂದೆಷ್ಟು ಅಂತ ರೂಮೆಲ್ಲ ಗಲಾಟೆ, ಲೆಕ್ಚರ್ ಕೊಡೋ ಕೆಲ್ಸನೇ ಬೀಳ್ಲಿಲ್ಲ.

ಎಡಿನ್‌ಬರೋ ಗ್ಲಾಸ್ಗೋ ಕಡೆ ಪೊಡೋಸಾ ಅಂತ ಒಂದು ಟ್ರಯಲ್ ಆಗಿದೆ, ಭಾರತ ಪಾಕಿಸ್ತಾನ ಮೂಲದವರ ಮನೆಗೇ ಡಯಟೀಷಿಯನ್ 3 ವರ್ಷದಲ್ಲಿ 15 ಸಲ ಹೋಗಿ ಮನೆಯವರನ್ನೂ ಸೇರಿಸ್ಕೊಂಡು ಮಾತಾಡಿದ್ರು. ಬರೀ 4 ಸಲ ಹೋದ ಗುಂಪಿಗೆ ಹೋಲಿಸಿದ್ರೆ ತೂಕದಲ್ಲಿ ಸುಮಾರು 1.6 ಕೆಜಿ ವ್ಯತ್ಯಾಸ ಬಂತು, ಆದ್ರೆ ಶುಗರ್ ಬರೋದು ತಪ್ಪಿತು ಅಂತ ಗ್ಯಾರಂಟಿಯಾಗಿ ಹೇಳೋಷ್ಟು ಅಂತರ ಸಿಗ್ಲಿಲ್ಲ. ಅಮೆರಿಕದ 2002ರ ಡಿಪಿಪಿ ಅನ್ನೋ ಶುಗರ್ ತಡೆಯೋ ಸ್ಟಡಿಲಿ ಊಟ, ವ್ಯಾಯಾಮ ಬದಲಾಯಿಸ್ಕೊಂಡೋರಿಗೆ ಶುಗರ್ ಬರೋದು 58% ಕಮ್ಮಿ ಆಯ್ತಲ್ಲ, ಆ ನಂಬರ್ ತೋರ್ಸಿ ದುಡ್ಡು ಕೊಡೋರಿಗೆ ಮಾತು ಕೊಟ್ಟುಬಿಡ್ಬೇಡಿ, ಆಮೇಲೆ ನೀವೇ ಸಿಕ್ಕಾಕೊಳ್ತೀರ.

ಹಾಂ, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 25ರ ಒಳಗಿದೆ ಅಂತ ಯಾರನ್ನೂ ವಾಪಸ್ ಕಳಿಸ್ಬೇಡಿ, ನಮ್ಮ ಕಡೆಯವರಿಗೆ 23 ದಾಟಿದ್ರೇನೆ ರಿಸ್ಕ್ ಅಂತ ಲೆಕ್ಕ. ಸಣ್ಣ ಕೈಕಾಲು, ಮುಂದೆ ಹೊಟ್ಟೆ, ನೋಡಿರ್ತೀರಲ್ಲ.

ಕ್ಯಾಲೆಂಡರೂ ನೋಡ್ಕೊಳ್ಳಿ. ರಂಜಾನ್‌ನಲ್ಲಿ ಮಧ್ಯಾಹ್ನ 1ಕ್ಕೆ ಅಡುಗೆ ಡೆಮೊ ಇಟ್ಟ ಮಹಾನುಭಾವರು ನಾವು, ಉಪವಾಸ ಇದ್ದ ಇಬ್ರು ಪಾಪ ಮರ್ಯಾದೆಗೆ ಕೂತಿದ್ರು. ಪ್ರಸಾದ ಬೇಡ ಅನ್ನಿ ಅಂತ ಮಾತ್ರ ಯಾರಿಗೂ ಹೇಳ್ಬೇಡಿ, ಮತ್ತೆ ಬರೋದೇ ಇಲ್ಲ ಅವ್ರು. ಲೀಫ್‌ಲೆಟ್ ದುಡ್ಡಲ್ಲಿ ಅರ್ಧ ಉಳಿಸಿ ಒಂದು ಇಂಡಕ್ಷನ್ ಸ್ಟೌ, ಅಳತೆ ಚಮಚ ತಗೊಳ್ಳಿ, ಮತ್ತೆ ನಿಮ್ಮ ಕ್ಲಾಸಿನ ಟೀಗೂ ಸಕ್ಕರೆ ಬೇರೆಯಾಗೇ ಇಡಿ.