ಹದಿಮೂರು ಮತಗಳ ಅಂತರದಲ್ಲಿ ನಿರ್ಧಾರವಾದ ಯುದ್ಧ

ಪ್ರಶ್ನೆ: 1939ರಲ್ಲಿ ಇಂಗ್ಲೆಂಡ್ ಜರ್ಮನಿಯ ಮೇಲೆ ಯುದ್ಧ ಸಾರಿದಾಗ ಅದರ ಹಳೆಯ ವಸಾಹತುಗಳೆಲ್ಲ ಹಿಂದೆಯೇ ಹೊರಟವಲ್ಲ, ‘ನಾವು ಬರುವುದಿಲ್ಲ’ ಎನ್ನುವ ಅಧಿಕಾರ ಅವುಗಳಿಗೆ ಇರಲಿಲ್ಲವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಧಿಕಾರ ಇತ್ತು, ಎಲ್ಲರೂ ಹೊರಡಲೂ ಇಲ್ಲ. ಐರ್ಲೆಂಡ್ ಕೊನೆಯವರೆಗೂ ತಟಸ್ಥವಾಗಿ ಉಳಿಯಿತು. ಕೆನಡಾ ತನ್ನ ಪಾರ್ಲಿಮೆಂಟನ್ನು ಕರೆಸಿ, ಒಂದು ವಾರ ತಡೆದು, ಸೆಪ್ಟೆಂಬರ್ 10ರಂದು ಪ್ರತ್ಯೇಕವಾಗಿ ಯುದ್ಧ ಸಾರಿತು. ಆಸ್ಟ್ರೇಲಿಯಾದ ಪ್ರಧಾನಿ ಮೆನ್ಜೀಸ್ ಮಾತ್ರ, ಇಂಗ್ಲೆಂಡ್ ಯುದ್ಧದಲ್ಲಿದೆ ಎಂದರೆ ನಾವೂ ಇದ್ದಂತೆಯೇ ಎಂದು, ಇಂಗ್ಲೆಂಡ್ ಯುದ್ಧ ಸಾರಿದ ಸೆಪ್ಟೆಂಬರ್ 3ರಂದೇ, ರೇಡಿಯೋದಲ್ಲಿ ಹೇಳಿಬಿಟ್ಟರು.

ಬಿ.ಎ. ತರಗತಿಗಳಿಗೆ ಇದನ್ನು ಪಾಠ ಮಾಡುವಾಗ ನಾನು ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಬಿಳಿಯರಲ್ಲಿ ಹೆಚ್ಚಿನವರಾದ ಆಫ್ರಿಕಾನರರಿಗೆ, ಅಂದರೆ ಡಚ್ ಮೂಲದ ಬೋಯರರಿಗೆ, ಇಂಗ್ಲೆಂಡ್ ತವರಲ್ಲ, ತಮ್ಮನ್ನು ಸೋಲಿಸಿದ ಶತ್ರು. 1899ರಿಂದ 1902ರವರೆಗಿನ ಯುದ್ಧದಲ್ಲಿ ಬ್ರಿಟಿಷರ ಬಂಧನ ಶಿಬಿರಗಳಲ್ಲಿ ಸುಮಾರು 26,000 ಬೋಯರ್ ಹೆಂಗಸರು, ಮಕ್ಕಳು ಸತ್ತಿದ್ದರು. ಪ್ರಧಾನಿ ಹರ್ಟ್ಸಾಗ್, ಉಪಪ್ರಧಾನಿ ಸ್ಮಟ್ಸ್ ಇಬ್ಬರೂ ಆ ಯುದ್ಧದಲ್ಲಿ ಬೋಯರ್ ಸೇನಾಪತಿಗಳು. ಒಂದೇ ಪಕ್ಷದಲ್ಲಿ, ಒಂದೇ ಸಂಪುಟದಲ್ಲಿ ಇದ್ದವರು.

ಆ ವಾರ ಕೇಪ್‌ಟೌನಿನಲ್ಲಿ ಪಾರ್ಲಿಮೆಂಟ್ ಸೇರಿದ್ದೂ ಯುದ್ಧಕ್ಕಾಗಿ ಅಲ್ಲ, ಸೆನೆಟ್ಟಿನ ಅವಧಿ ಮುಗಿಯುತ್ತಿತ್ತು, ಅದನ್ನು ಮುಂದುವರಿಸಬೇಕಿತ್ತು. ಅಷ್ಟರಲ್ಲಿ ಯುದ್ಧ ಬಂತು, ಸಂಪುಟ ಎರಡಾಗಿ ಒಡೆಯಿತು. ಸೆಪ್ಟೆಂಬರ್ 4ರಂದು ಹರ್ಟ್ಸಾಗ್ ತಟಸ್ಥ ನೀತಿಯ ಠರಾವು ಮಂಡಿಸಿದರು. ಸೈಮನ್ಸ್‌ಟೌನಿನ ನೌಕಾನೆಲೆಯ ಬಗ್ಗೆ ಬ್ರಿಟನ್ನಿಗೆ ಕೊಟ್ಟ ಮಾತು ಉಳಿಸಿಕೊಳ್ಳೋಣ, ಉಳಿದಂತೆ ಯುದ್ಧವೇ ಇಲ್ಲವೆಂಬಂತೆ ಇರೋಣ ಎಂಬುದು ಅದರ ತಿರುಳು. ಅಷ್ಟಕ್ಕೇ ಮಾತು ನಿಲ್ಲಿಸಿದ್ದರೆ ಗೆಲ್ಲುತ್ತಿದ್ದರೋ ಏನೋ. ಆದರೆ ಅವರು ಹಿಟ್ಲರನ ಪರ ವಾದಕ್ಕೆ ಇಳಿದರು. ಸೋತ ಜನಾಂಗದ ಅವಮಾನ ನನಗೆ ಗೊತ್ತು, ಜರ್ಮನರದ್ದೂ ಅದೇ ನೋವು ಎಂಬ ಧಾಟಿಯಲ್ಲಿ. ಆ ನೋವು ನಿಜ, ಅದನ್ನು ಪೋಲೆಂಡಿನ ಮೇಲಿನ ದಾಳಿಗೆ ಸಮರ್ಥನೆ ಮಾಡಿದ್ದು ಘೋರ ತಪ್ಪು. ‘ನಮ್ಮ ಯುದ್ಧ ನಾವೇ ನಿರ್ಧರಿಸಬೇಕು’ ಎಂಬ ನ್ಯಾಯವಾದ ಮಾತನ್ನು ಅವರೇ ಕೆಡಿಸಿಕೊಂಡರು.

ಸ್ಮಟ್ಸ್ ತಿದ್ದುಪಡಿ ತಂದರು: ಜರ್ಮನಿಯೊಂದಿಗೆ ಸಂಬಂಧ ಕಡಿಯೋಣ, ಆದರೆ ಮೊದಲ ಮಹಾಯುದ್ಧದಂತೆ ಸಮುದ್ರದಾಚೆಗೆ ಸೈನ್ಯ ಕಳಿಸುವುದು ಬೇಡ. ಪಕ್ಕದ ನೈಋತ್ಯ ಆಫ್ರಿಕಾ (ಇಂದಿನ ನಮೀಬಿಯಾ) ಮೊದಲು ಜರ್ಮನರದ್ದೇ ವಸಾಹತು, ನಾಳೆ ಅದನ್ನು ವಾಪಸು ಕೇಳಿದರೆ ಒಂಟಿಯಾಗಿ ಏನು ಮಾಡುತ್ತೀರಿ ಎಂಬುದು ಅವರ ಕಡೆಯ ವಾದ. ಮತಕ್ಕೆ ಹಾಕಿದಾಗ ತಟಸ್ಥ ನೀತಿಗೆ 67, ವಿರುದ್ಧ 80. ಏಳೇ ಏಳು ಜನ ಆಚೆಯಿಂದ ಈಚೆಗೆ ಬಂದಿದ್ದರೆ ಫಲಿತಾಂಶ ತಿರುಗುತ್ತಿತ್ತು. ಸಭೆ ವಿಸರ್ಜಿಸಿ ಚುನಾವಣೆಗೆ ಹೋಗೋಣ ಎಂದು ಹರ್ಟ್ಸಾಗ್ ಕೇಳಿದ್ದಕ್ಕೆ ಗವರ್ನರ್ ಜನರಲ್ ಪ್ಯಾಟ್ರಿಕ್ ಡಂಕನ್ ಒಪ್ಪಲಿಲ್ಲ. ಹರ್ಟ್ಸಾಗ್ ರಾಜೀನಾಮೆ ಕೊಟ್ಟರು, ಸ್ಮಟ್ಸ್ ಪ್ರಧಾನಿಯಾದರು, 6ರಂದು ಯುದ್ಧ ಘೋಷಣೆಯಾಯಿತು.

ಇಷ್ಟು ಕಡಿಮೆ ಅಂತರದ ತೀರ್ಮಾನ ಎಂದ ಮೇಲೆ ಕಡ್ಡಾಯ ಸೈನ್ಯ ಭರ್ತಿಗೆ ಸ್ಮಟ್ಸ್ ಕೈ ಹಾಕಲಿಲ್ಲ, ಇಷ್ಟವಿದ್ದವರು ಮಾತ್ರ ಬನ್ನಿ ಎಂದರು. ಆಫ್ರಿಕಾದಲ್ಲಿ ಎಲ್ಲಿ ಬೇಕಾದರೂ ಹೋರಾಡುವೆ ಎಂದು ಪ್ರಮಾಣ ಮಾಡಿದವರು ಭುಜಕ್ಕೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಪಟ್ಟಿ ಇಲ್ಲದವನು ಯಾವ ಕಡೆ ಎಂದು ನೋಡಿದವರಿಗೆ ಗೊತ್ತಾಗಿಬಿಡುತ್ತಿತ್ತು.

ಪ್ರಶ್ನೆ: ಆಗ ಭಾರತವನ್ನು ಯಾರಾದರೂ ಕೇಳಿದರೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇಲ್ಲ. ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್ಲಿತ್ಗೊ ಒಬ್ಬರೇ ಘೋಷಿಸಿದರು, ಆಯ್ಕೆಯಾದ ಒಬ್ಬ ಪ್ರತಿನಿಧಿಯನ್ನೂ ಕೇಳದೆ. ಅದನ್ನು ಪ್ರತಿಭಟಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಮುಂಬಯಿ ಸರ್ಕಾರ ಹೋದಾಗ ನಿಮ್ಮ ಧಾರವಾಡದ ಸರ್ಕಾರವೂ, ಮದರಾಸಿನದು ಹೋದಾಗ ಮಂಗಳೂರು, ಬಳ್ಳಾರಿಗಳ ಸರ್ಕಾರವೂ ಹೋಯಿತು. ಕೇಪ್‌ಟೌನಿನ ಆ 80–67ನ್ನು ಓದುವಾಗ ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ. ಸರಿಯೋ ತಪ್ಪೋ, ಅವರಿಗೆ ಎಣಿಸಲು ಮತಗಳಿದ್ದವು.

ಪ್ರಶ್ನೆ: ಆ ಮತಗಳಲ್ಲಿ ಕರಿಯರದ್ದು ಎಷ್ಟು?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ ಮಗಳೇ. ಆ ಸಭೆಯಲ್ಲಿ ಕರಿಯ ಸದಸ್ಯ ಒಬ್ಬನೂ ಇರಲಿಲ್ಲ. ಕೇಪ್ ಪ್ರಾಂತ್ಯದ ಕರಿಯ ಮತದಾರರನ್ನು 1936ರಲ್ಲೇ ಸಾಮಾನ್ಯ ಪಟ್ಟಿಯಿಂದ ತೆಗೆದು, ಮೂವರು ಬಿಳಿಯ ಪ್ರತಿನಿಧಿಗಳನ್ನು ಆರಿಸುವ ಹಕ್ಕಷ್ಟೇ ಉಳಿಸಿದ್ದರು. ಆದರೆ ಯುದ್ಧಕ್ಕೆ ಸೇರಿದ ಸುಮಾರು 3,34,000 ಸ್ವಯಂಸೇವಕರಲ್ಲಿ 77,000ದಷ್ಟು ಜನ ಕರಿಯರು. ಅವರಿಗೆ ಬಂದೂಕು ಕೊಡಲಿಲ್ಲ. ಲಾರಿ ಓಡಿಸಿದರು, ಕಂದಕ ಅಗೆದರು, ಗಾಯಾಳುಗಳನ್ನು ಹೊತ್ತರು. 1942ರ ಎಲ್ ಅಲಮೇನ್ ಕದನದಲ್ಲಿ ಲೂಕಸ್ ಮಜೋಜಿ ತನಗೇ ಗುಂಡೇಟು ಬಿದ್ದಿದ್ದರೂ ಸ್ಟ್ರೆಚರ್ ಬಿಡದೆ ಗಾಯಾಳುಗಳನ್ನು ಸಾಗಿಸಿ ಶೌರ್ಯಪದಕ ಪಡೆದರು. ಯುದ್ಧ ಮುಗಿದ ಮೇಲೆ ಅವರ ಜನರಿಗೆ ಮತದ ಹಕ್ಕು ವಾಪಸು ಬರಲಿಲ್ಲ. 1948ರ ಚುನಾವಣೆಯಲ್ಲಿ ಸ್ಮಟ್ಸ್ ಸೋತು, ತಟಸ್ಥ ನೀತಿಗೆ ಮತ ಹಾಕಿದ್ದ ನ್ಯಾಷನಲ್ ಪಕ್ಷದ ನಾಯಕ ಮಲಾನ್ ವರ್ಣಭೇದ ನೀತಿಯೊಂದಿಗೆ ಅಧಿಕಾರಕ್ಕೆ ಬಂದರು. 1960ರಲ್ಲಿ ಆ ಮೂರು ಸ್ಥಾನಗಳನ್ನೂ ಅದೇ ಪಕ್ಷದ ಸರ್ಕಾರ ಇಲ್ಲವಾಗಿಸಿತು.