ರೈಡ್ ವಿಡಿಯೋಗಳ ಮೇಲೆ ಸ್ಪೀಡ್, ಮ್ಯಾಪ್ ಬರ್ತಿಲ್ಲ: ಪ್ರತಿಕ್ರಿಯೆ

ಬೀದರ್‌ನಿಂದ ಹೊರಟ ರೈಡ್‌ನ ಗೋಪ್ರೋ (ಆಕ್ಷನ್ ಕ್ಯಾಮೆರಾ) ವಿಡಿಯೋಗಳನ್ನು ಕಂಪ್ರೆಸ್ ಮಾಡಿದ್ದೀರಿ, ಈಗ ಅವುಗಳ ಮೇಲೆ ಸ್ಪೀಡ್, ಮ್ಯಾಪ್ ಬರ್ತಿಲ್ಲ ಅಂತ ಕೇಳಿದ್ದೀರಿ. ಬಹುಶಃ ಕಂಪ್ರೆಸ್ ಮಾಡುವಾಗಲೇ ಜಿಪಿಎಸ್ ಮಾಹಿತಿ ಹೋಗಿದೆ. ಗೋಪ್ರೋ ಅದನ್ನು ಎಂಪಿ4 ಒಳಗೆ ಬೇರೆ ಟ್ರ್ಯಾಕ್ ಆಗಿ ಇಡುತ್ತದೆ, ಎಷ್ಟೋ ಕನ್ವರ್ಟರ್‌ಗಳು ವಿಡಿಯೋ, ಆಡಿಯೋ ಮಾತ್ರ ಉಳಿಸಿಕೊಂಡು ಅದನ್ನು ಬಿಟ್ಟುಬಿಡುತ್ತವೆ.

ಕಾರ್ಡ್‌ನಲ್ಲಿರುವ ಮೂಲ ಫೈಲ್‌ಗಳನ್ನೇ ತಗೊಳ್ಳಿ. ಎಲ್ಲವನ್ನೂ ಒಟ್ಟಿಗೆ ಹಾಕುವ ಮೊದಲು ಒಂದೇ ಕ್ಲಿಪ್ ಮೇಲೆ ಓವರ್‌ಲೇ (ಸ್ಪೀಡ್, ಮ್ಯಾಪ್ ತೋರಿಸುವ ಪದರ) ಹಾಕಿ ನೋಡಿ. ಬೀದರ್ ಬಿಡುವಾಗಿನದು ಬೇಡ, ಶುರುವಿನಲ್ಲಿ ಸಿಗ್ನಲ್ ಸಿಕ್ಕಿರಲ್ಲ. ಹುಮನಾಬಾದ್ ದಾಟಿದ ಮೇಲಿನದು ಒಳ್ಳೇದು. ಬಂದರೆ ಉಳಿದದ್ದಕ್ಕೂ ಅದೇ ಸೆಟ್ಟಿಂಗ್. ಕಂಪ್ರೆಸ್ ಕೊನೆಗೆ.

ಕ್ಲಿಪ್‌ಗಳನ್ನು ಜೋಡಿಸುವಾಗ ಹೆಸರಿನ ಕ್ರಮ ನಂಬಬೇಡಿ. ಹೆಸರಿನ ಕೊನೆಯ ನಾಲ್ಕು ಅಂಕಿ ರೆಕಾರ್ಡಿಂಗ್‌ನದು, ಅದಕ್ಕೂ ಮುಂಚಿನ ಎರಡು ಅದರ ಭಾಗದ್ದು. ಜಿಎಕ್ಸ್010123 ಆದ ಮೇಲೆ ಬರಬೇಕಾದದ್ದು ಜಿಎಕ್ಸ್020123, ಆದ್ರೆ ಪಟ್ಟಿಯಲ್ಲಿ ಜಿಎಕ್ಸ್010124 ಮುಂದೆ ಬಂದಿರುತ್ತದೆ.

ಯಾವ ಮಾಡೆಲ್ ಅಂತ ನೀವು ಹೇಳಿಲ್ಲ. ಹೀರೋ 12 ಆಗಿದ್ದರೆ ಅದರಲ್ಲಿ ಜಿಪಿಎಸ್ಸೇ ಇಲ್ಲ. ಫೋನ್‌ನಲ್ಲಿ ರೈಡ್ ರೆಕಾರ್ಡ್ ಆಗಿದ್ದರೆ ಆ ಜಿಪಿಎಕ್ಸ್ ಫೈಲ್ (ದಾರಿ, ಸಮಯ ದಾಖಲಾಗಿರುವ ಫೈಲ್) ಸೇರಿಸಿ. ಅದರ ಟೈಮ್ ಸಾಮಾನ್ಯವಾಗಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ), ಭಾರತದ ಸಮಯಕ್ಕೆ ತರಲು ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಿ.